ಮಾತು ಮಾತಿಗೂ ರೋಜರ್, ಯಾರು ಈ ರೋಜರ್?

ಪ್ರಶ್ನೆ: ನಮ್ಮ ಬೀದರ್ ವಾಯುನೆಲೆಯ ಹಾಕ್ ವಿಮಾನಗಳು ತಲೆ ಮೇಲೆ ಹಾರಿದಾಗೆಲ್ಲ ನನಗೊಂದು ಅನುಮಾನ. ಸಿನಿಮಾದಲ್ಲಿ ಪೈಲಟ್‌ಗಳು ‘ರೋಜರ್’ ಅನ್ನುತ್ತಾರಲ್ಲ, ಅವನು ಯಾರು? ‘ಆಯ್ತು’ ಅಂತ ಅದರ ಅರ್ಥವೇ?

ಉತ್ತರ: ರೋಜರ್ ಯಾರೂ ಅಲ್ಲ. ಇಂಗ್ಲಿಷಿನ ‘ಆರ್’ ಅಕ್ಷರಕ್ಕೆ ಇಟ್ಟ ಹೆಸರು, ಅಷ್ಟೇ.

ಅಕ್ಷರಗಳನ್ನು ಚುಕ್ಕೆ-ಗೆರೆಗಳ ಸದ್ದಾಗಿ ಕುಟ್ಟಿ ಕಳಿಸುತ್ತಿದ್ದ ಮೋರ್ಸ್ ಕೋಡ್ ಕಾಲದಲ್ಲಿ ಸಂದೇಶ ಮುಟ್ಟಿತು ಅನ್ನಲು ‘ರಿಸೀವ್ಡ್’ ಅಂತ ಪೂರ್ತಿ ಕುಟ್ಟುತ್ತಿರಲಿಲ್ಲ. ಮೊದಲ ಅಕ್ಷರ ‘ಆರ್’ ಸಾಕಿತ್ತು: ಚುಕ್ಕೆ, ಗೆರೆ, ಚುಕ್ಕೆ. ಆಮೇಲೆ ರೇಡಿಯೋದಲ್ಲಿ ಮಾತಾಡುವುದು ಬಂತು. ಗರಗರ ಸದ್ದಿನಲ್ಲಿ ಬಿ ಯಾವುದು, ಡಿ ಯಾವುದು ಗೊತ್ತಾಗದು. ಫೋನಿನಲ್ಲಿ ಹೆಸರು ಬರೆಸುವಾಗ ನಾವು ‘ಬಿ ಫಾರ್ ಬಾಂಬೆ, ಡಿ ಫಾರ್ ದಿಲ್ಲಿ’ ಅನ್ನುತ್ತೇವಲ್ಲ, ಹಾಗೆ ಅಕ್ಷರಕ್ಕೊಂದು ಹೆಸರು ಬೇಕಾಯಿತು. 1941ರಲ್ಲಿ ಅಮೆರಿಕದ ಭೂಸೇನೆ, ನೌಕಾಸೇನೆ ಎರಡೂ ಒಪ್ಪಿಕೊಂಡ ಪಟ್ಟಿಯಲ್ಲಿ ಆರ್‌ಗೆ ರೋಜರ್ ಇತ್ತು. 1956ರಲ್ಲಿ ಹೊಸ ಪಟ್ಟಿ ಬಂದು ಆರ್ ‘ರೋಮಿಯೋ’ ಆಯಿತು. ಪೈಲಟ್‌ಗಳ ಬಾಯಿಂದ ಮಾತ್ರ ರೋಜರ್ ಹೋಗಲಿಲ್ಲ.

ಇನ್ನು ಅರ್ಥ. ಜಾಸ್ತಿ ಜನ ಎಡವುವುದು ಇಲ್ಲೇ. ರೋಜರ್ ಅಂದರೆ ‘ನೀವು ಈಗ ಹೇಳಿದ್ದು ಪೂರ್ತಿ ಕೇಳಿಸಿತು’. ಒಪ್ಪಿದೆ ಅಂತಲ್ಲ, ಮಾಡುತ್ತೇನೆ ಅಂತಲೂ ಅಲ್ಲ. ಅಜ್ಜಿ ಕಥೆ ಹೇಳುವಾಗ ಹೂಂಗುಡುತ್ತಿದ್ದೆವಲ್ಲ, ಅದೇ ಇದು. ಮಗು ನಿದ್ದೆ ಹೋಗಿಲ್ಲ ಅಂತ ಅಜ್ಜಿಗೆ ಗೊತ್ತಾದರೆ ಸಾಕಿತ್ತು.

ಆದರೆ ನಮ್ಮ ‘ಹೂಂ’ಗೆ ಎರಡು ಅರ್ಥ. “ಬರೋವಾಗ ಪುಂಡಿಪಲ್ಯ ತಗೊಂಡ್ ಬಾ” ಅಂತ ಅವ್ವ ಅಂದಾಗ ಎಲ್ಲೋ ನೋಡುತ್ತ ಹೂಂ ಅಂದಿರುತ್ತೇನೆ. ಸಂಜೆ ಬರಿಗೈಲಿ ಬಂದರೆ ಶುರು: “ಹೂಂ ಅಂದಿದ್ದಿ ಅಲ್ಲೋ?” ಅವಳಿಗೆ ಅದು ಒಪ್ಪಿಗೆ, ನನಗೆ ಬರೀ ರೋಜರ್. ವಿಮಾನದಲ್ಲಿ ಈ ಗೊಂದಲ ನಡೆಯದು. ಅದಕ್ಕೇ ಮಾಡುತ್ತೇನೆ ಅನ್ನಲು ‘ವಿಲ್ಕೋ’ ಅಂತ ಬೇರೆ ಮಾತಿದೆ. ‘ವಿಲ್ ಕಂಪ್ಲೈ’ ಅನ್ನುವುದರ ಮೊಟಕು. ಹೌದು ಅನ್ನಲು ‘ಅಫರ್ಮ್’, ಇಲ್ಲ ಅನ್ನಲು ‘ನೆಗೆಟಿವ್’. ರನ್‌ವೇ ಕಾಣ್ತಿದೆಯಾ ಅಂತ ಕೇಳಿದರೆ ರೋಜರ್ ಅನ್ನುವುದು ಉತ್ತರವೇ ಅಲ್ಲ. ಇಳಿಯಲು ಅನುಮತಿ ಸಿಕ್ಕಾಗಂತೂ ರನ್‌ವೇ ಸಂಖ್ಯೆ ಸಮೇತ ಅದನ್ನು ತಿರುಗಿ ಹೇಳಲೇಬೇಕು.

ಅಂದ ಹಾಗೆ, ಸಿನಿಮಾದ ‘ರೋಜರ್ ವಿಲ್ಕೋ’ ಸುಮ್ನೆ ಡೌಲು. ಮಾಡ್ತೀನಿ ಅನ್ನುವವನಿಗೆ ಹೇಳಿದ್ದು ಕೇಳಿಸಿರಲೇಬೇಕು, ಅಲ್ವಾ?