ಒಪೆರಾ ಯಾರದು? ಪಾತ್ರೀಸ್ ಶೆರೋ ಸುತ್ತಲಿನ ಜಗಳದ ಹಿನ್ನೆಲೆ

ಒಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಯುರೋಪಿನ ದೊಡ್ಡ ಒಪೆರಾ ಮಂದಿರಗಳಲ್ಲಿ ಈಗಲೂ ಹೀಗಾಗುತ್ತದೆ. ಹಾಡಿದವರಿಗೆ ಜೋರು ಚಪ್ಪಾಳೆ ಬೀಳುತ್ತದೆ. ನಿರ್ದೇಶಕ ವೇದಿಕೆಗೆ ಬಂದ ಕೂಡಲೇ ಕೂಗಾಟ ಶುರು. ದೇವರುಗಳಿಗೆ ಕೋಟು ಯಾಕೆ, ಕಾಡು ಇರಬೇಕಾದ ಕಡೆ ಕಾರ್ಖಾನೆ ಯಾಕೆ? ಹಳೆಯ ಒಪೆರಾದ ಕಾಲ, ಜಾಗಗಳನ್ನು ನಿರ್ದೇಶಕ ಬದಲಾಯಿಸಬಹುದೇ ಅನ್ನುವ ಈ ಜಗಳದಲ್ಲಿ ಎರಡೂ ಕಡೆಯವರು ಎತ್ತುವ ಹೆಸರು ಫ್ರೆಂಚ್ ನಿರ್ದೇಶಕ ಪಾತ್ರೀಸ್ ಶೆರೋ ಅವರದು. ಅವರು ನಿಜಕ್ಕೂ ಮಾಡಿದ್ದೇನು ಅನ್ನೋದು ಮಾತ್ರ ಗದ್ದಲದಲ್ಲಿ ಮರೆತುಹೋಗಿದೆ.

ಶೆರೋ ಹುಟ್ಟಿದ್ದು 1944ರಲ್ಲಿ. ಅಪ್ಪ ಅಮ್ಮ ಇಬ್ಬರೂ ಚಿತ್ರ ಬರೆಯುವವರು. 1966ರಲ್ಲಿ, ಇನ್ನೂ 22ರ ಹುಡುಗನಿದ್ದಾಗಲೇ, ಪ್ಯಾರಿಸ್ ಹೊರವಲಯದ ಸಾರ್ತ್ರೂವೀಲ್‌ನಲ್ಲಿ ಒಂದು ನಾಟಕಮಂದಿರದ ಹೊಣೆ ಸಿಕ್ಕಿತು. ಅದು ಸಾಲದಲ್ಲಿ ಮುಳುಗಿತು. ಆಮೇಲೆ ಮಿಲಾನ್, ಅಲ್ಲಿಂದ ಲಿಯೋಂ ಪಕ್ಕದ ವಿಲ್ಯೂರ್ಬಾನ್. ಅವರು ಮೂಲತಃ ನಾಟಕದ ಮನುಷ್ಯ. ಇದನ್ನು ನೆನಪಿಟ್ಟುಕೊಂಡರೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ.

ಜರ್ಮನಿಯ ಬೈರಾಯ್ಟ್ ಊರಿನಲ್ಲಿ ಸಂಗೀತ ರಚನಕಾರ ರಿಚರ್ಡ್ ವಾಗ್ನರ್ ತನ್ನ ಒಪೆರಾಗಳಿಗಾಗಿಯೇ ಒಂದು ರಂಗಮಂದಿರ ಕಟ್ಟಿಸಿದ್ದರು. 1876ರಲ್ಲಿ ಅಲ್ಲಿ 'ರಿಂಗ್' ಇಡಿಯಾಗಿ ಮೊದಲ ಸಲ ನಡೆಯಿತು. ನಾಲ್ಕು ಒಪೆರಾ, ಸುಮಾರು 15 ಗಂಟೆಯ ಸಂಗೀತ, ರೈನ್ ನದಿಯಿಂದ ಕದ್ದ ಚಿನ್ನಕ್ಕಾಗಿ ದೇವರೂ ಮನುಷ್ಯರೂ ಹಾಳಾಗುವ ಕತೆ. ವಾಗ್ನರ್ ತೀರಿಕೊಂಡ ಮೇಲೆ ಹೆಂಡತಿ ಕೋಸಿಮಾ ಎಲ್ಲವನ್ನೂ ಗಂಡ ಬಿಟ್ಟುಹೋದ ಹಾಗೇ ಕಾಪಾಡಲು ಹೊರಟರು. 1951ರಲ್ಲಿ ಮೊಮ್ಮಗ ವೀಲಾಂಡ್ ವೇದಿಕೆಯನ್ನೇ ಖಾಲಿ ಮಾಡಿ, ಬರೀ ಬೆಳಕಿನಲ್ಲಿ ಕತೆ ಹೇಳಿದರು. ಆಗಲೂ ಜನ ಸಿಟ್ಟಾದರು, ಆಮೇಲೆ ಒಗ್ಗಿಕೊಂಡರು.

1976ರಲ್ಲಿ 'ರಿಂಗ್'ಗೆ ನೂರು ವರ್ಷ. ಬೈರಾಯ್ಟ್‌ನ ಬೇಸಿಗೆ ಉತ್ಸವದಲ್ಲಿ ಅದರ ಸಂಗೀತ ನಡೆಸುವ ಹೊಣೆ ಫ್ರೆಂಚ್ ಸಂಗೀತಗಾರ ಪಿಯೇರ್ ಬುಲೇಜ್ ಅವರದು. ಅವರೇ ಶೆರೋ ಹೆಸರು ಹೇಳಿದ್ದು. ಜರ್ಮನ್ನರ ಹೆಮ್ಮೆಯ ಕೃತಿಯನ್ನು ಫ್ರೆಂಚರ ಕೈಗೆ ಕೊಟ್ಟರು ಅನ್ನೋದೇ ಕೆಲವರಿಗೆ ಸಾಕಾಗಿತ್ತು. ಪರದೆ ಎದ್ದಾಗ ರೈನ್ ನದಿಯ ಜಾಗದಲ್ಲಿ ವಿದ್ಯುತ್ ತಯಾರಿಸುವ ಅಣೆಕಟ್ಟು ಕಂಡಿತು. ರಿಶಾರ್ ಪೆದೂಜಿ ಅವರ ಸೆಟ್ ಅದು. ದೇವರುಗಳು 19ನೇ ಶತಮಾನದ ಧಣಿಗಳಂತೆ ಉಡುಗೆ ತೊಟ್ಟಿದ್ದರು. ಪ್ರೇಕ್ಷಕರು ಶಿಳ್ಳೆ ಊದಿದರು, ಕೈ ಕೈ ಮಿಲಾಯಿಸಿದರು. ಆದರೆ 'ರಿಂಗ್' ಅಂದರೆ ಬಂಡವಾಳದ ಕತೆ ಅಂತ ನಾಟಕಕಾರ ಬರ್ನಾರ್ಡ್ ಷಾ 1898ರಲ್ಲೇ ಬರೆದಿದ್ದರು. ಆ ಯೋಚನೆ ಆಗಲೇ ಮುಕ್ಕಾಲು ಶತಮಾನ ಹಳೆಯದು.

ಹೊಸದು ಬೇರೆಯೇ ಇತ್ತು. ಎರಡನೇ ಒಪೆರಾದಲ್ಲಿ ದೇವರುಗಳ ಒಡೆಯ ವೋಟಾನ್ ತುಂಬಾ ಹೊತ್ತು ತನ್ನ ಸೋಲನ್ನು ಹೇಳಿಕೊಳ್ಳುತ್ತಾನೆ. ಕೇಳುವವರಿಗೆ ತೂಕಡಿಕೆ ಬರುವ ಜಾಗ ಅದು ಅಂತ ಹೆಸರಾಗಿತ್ತು. ಶೆರೋ ಅಲ್ಲಿ ಒಂದು ದೊಡ್ಡ ಕನ್ನಡಿ ಇಟ್ಟರು. ಕೋಣೆಯ ನಡುವೆ ಒಂದು ಲೋಲಕ ತೂಗುತ್ತಿತ್ತು. ವೋಟಾನ್ ತನ್ನ ಮುಖ ನೋಡಿಕೊಳ್ಳುತ್ತಾ ಹಾಡುತ್ತಾನೆ. ನನಗಿನ್ನು ಬೇಕಾದ್ದು ಅಂತ್ಯ ಮಾತ್ರ ಅನ್ನುವಾಗ ಕೈ ಚಾಚಿ ಲೋಲಕವನ್ನು ನಿಲ್ಲಿಸುತ್ತಾನೆ. ಅದೇ ಅಂಕದ ಕೊನೆಯಲ್ಲಿ ಮಗ ಜೀಗ್ಮುಂಡ್ ಸಾಯುತ್ತಾನೆ. ಅಪ್ಪ ಈಟಿಗೆ ಒರಗಿ ನಿಂತು ನೋವಿನಿಂದ ನೋಡುತ್ತಾನೆ ಅಂತಷ್ಟೇ ವಾಗ್ನರ್ ಬರೆದದ್ದು. ಶೆರೋ ಅವನನ್ನು ಮಗನ ಬಳಿ ಕಳಿಸಿ, ಸಾಯುತ್ತಿರುವವನನ್ನು ತಬ್ಬಿಕೊಳ್ಳುವಂತೆ ಮಾಡಿದರು. ಇದು ಬರೆದದ್ದನ್ನು ಮೀರಿದ್ದು ಹೌದು. ಆದರೆ ಆ ಹೊತ್ತಿನ ಸಂಗೀತ ಕೇಳಿ ನೋಡಿ. ಆ ತಬ್ಬುಗೆ ಅದರಲ್ಲೇ ಇದೆ ಅಲ್ವಾ?

ಶೆರೋ ಮೊದಲ ವರ್ಷದ ಪ್ರಯೋಗಕ್ಕೆ ಅಂಟಿಕೊಳ್ಳಲಿಲ್ಲ. 1977ರಲ್ಲಿ ವೋಟಾನ್‌ನ ಮಗಳು ಬ್ರುನ್‌ಹಿಲ್ಡ ಮಲಗುವ ಬಂಡೆಯ ಸೆಟ್ಟನ್ನೇ ಬದಲಾಯಿಸಿದರು. ಆ ವರ್ಷ ಕತೆಯ ನಾಯಕ ಜೀಗ್‌ಫ್ರೀಡ್ ಪಾತ್ರದ ಹಾಡುಗಾರ ರೆನೆ ಕೊಲೊ ಕಾಲು ಮುರಿದುಕೊಂಡಾಗ, ಕೊಲೊ ಪಕ್ಕದಲ್ಲಿ ನಿಂತು ಹಾಡಿದರು, ಶೆರೋ ತಾವೇ ವೇದಿಕೆಗೆ ಇಳಿದು ಅಭಿನಯಿಸಿದರು. ಐದು ಬೇಸಿಗೆ ಹೀಗೆ ತಿದ್ದುತ್ತಾ ಹೋದರು. 1980ರ ಕೊನೆಯ ಪ್ರದರ್ಶನಕ್ಕೆ ಚಪ್ಪಾಳೆ ಸುಮಾರು ಒಂದೂವರೆ ಗಂಟೆ ನಿಲ್ಲಲಿಲ್ಲ. ಟಿವಿಗಾಗಿ ಚಿತ್ರೀಕರಿಸಿದ್ದರಿಂದ ಬೈರಾಯ್ಟ್ ಕಾಣದವರೂ ಅದನ್ನು ನೋಡಿದರು.

ಗೋಜಲು ಶುರುವಾಗಿದ್ದು ಇಲ್ಲಿಂದಲೇ. ಅಣೆಕಟ್ಟು, ಕೋಟು ಕಣ್ಣಿಗೆ ಬೇಗ ಬೀಳುತ್ತವೆ, ಅವನ್ನು ನಕಲು ಮಾಡೋದೂ ಸುಲಭ. ವಾರಗಟ್ಟಲೆ ತಾಲೀಮು ಮಾಡಿ ಹಾಡುವವರನ್ನು ನಟರಾಗಿಸೋದು ಸುಲಭವಲ್ಲ. ಮುಂದಿನ ದಶಕಗಳಲ್ಲಿ ಕಾಲ ಬದಲಾಯಿಸುವುದೇ ನಿರ್ದೇಶನ ಅನ್ನುವ ಮಟ್ಟಕ್ಕೆ ಅನೇಕ ಕಡೆ ಬಂತು. ಹಳೆಯದೇ ಬೇಕು ಅನ್ನುವವರೂ ಜಾಸ್ತಿ ನೋಡಿದ್ದು ಬಟ್ಟೆಯನ್ನೇ.

ಶೆರೋ ಮಾತ್ರ ಒಪೆರಾದ ಹಿಂದೆ ಓಡಲಿಲ್ಲ. ನಡುವೆ ಪ್ಯಾರಿಸ್ ಪಕ್ಕದ ನಾಂತೇರ್‌ನಲ್ಲಿ ನಾಟಕ, ಆಮೇಲೆ ಸಿನಿಮಾ. ಆಗೊಮ್ಮೆ ಈಗೊಮ್ಮೆ ಒಪೆರಾ. ಕೊನೆಯದು 2013ರ ಜುಲೈನಲ್ಲಿ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್‌ನಲ್ಲಿ ರಿಚರ್ಡ್ ಸ್ಟ್ರೌಸ್ ಅವರ 'ಎಲೆಕ್ಟ್ರಾ'. ವಾದ್ಯಗಳು ಗುಡುಗುವ ಮೊದಲು ಆಳುಗಳು ಸುಮ್ನೆ ಅಂಗಳ ಗುಡಿಸುತ್ತಾರೆ. ಪೊರಕೆಯ ಸದ್ದು ಬಿಟ್ಟರೆ ಏನಿಲ್ಲ. ಸಣ್ಣ ಪಾತ್ರಗಳಲ್ಲಿ ಹಳೆಯ 'ರಿಂಗ್'ನ ಹಾಡುಗಾರರಾದ ಡೊನಾಲ್ಡ್ ಮೆಕಿಂಟೈರ್ ಮತ್ತು ಫ್ರಾಂಜ್ ಮಜೂರಾ ಇದ್ದರು. ಅದೇ ವರ್ಷ ಅಕ್ಟೋಬರ್ 7ರಂದು ಶೆರೋ ತೀರಿಕೊಂಡರು. ಆ ಪ್ರಯೋಗವನ್ನು ಆಮೇಲೆ ಮಿಲಾನ್, ನ್ಯೂಯಾರ್ಕ್‌ಗಳಲ್ಲಿ ಮತ್ತೆ ಕಟ್ಟಿದರು. ಸೆಟ್ ಹೇಗೋ ಸಾಗಿಸಬಹುದು. ತಾಲೀಮಿನಲ್ಲಿ ಶೆರೋ ಹೇಳಿಕೊಟ್ಟಿದ್ದನ್ನು ದಾಟಿಸುವ ಕೆಲಸ ಅವರ ಜೊತೆ ದುಡಿದ ಸಹಾಯಕರು ಮತ್ತು ಹಾಡುಗಾರರ ಪಾಲಿಗೆ ಬಂತು.