ತೊಳೆದಿದ್ದು ಸರಿ, ಒಣಗಿತೇ?

ಮಡಿಕೇರಿಯ ಜುಲೈ ಮಳೆಯಲ್ಲಿ ಮೇಕಪ್ ಬ್ರಷ್ ತೊಳೆದಿಟ್ಟರೆ ಮೂರನೇ ದಿನಕ್ಕೆ ಮುಗ್ಗಲು ವಾಸನೆ. ಶಾಂಪೂ ಸರಿಯಿಲ್ಲವೆಂದು ಇನ್ನೊಂದು ಬಾಟಲಿ ತರುವವರೇ ಹೆಚ್ಚು. ತಪ್ಪು ಶಾಂಪೂವಿನದಲ್ಲ, ಕೂದಲಿನ ಬುಡದಲ್ಲಿ ಉಳಿದ ನೀರಿನದು.

ತೊಳೆಯುವುದರಲ್ಲಿ ದೊಡ್ಡ ವಿದ್ಯೆಯೇನಿಲ್ಲ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಬೇಬಿ ಶಾಂಪೂ. ಕೂದಲಿನ ಮುಕ್ಕಾಲು ಭಾಗ ಮಾತ್ರ ಅದ್ದಿ, ಅಂಗೈಯಲ್ಲಿ ತಿರುಗಿಸಿ, ತಲೆ ಕೆಳಗಾಗಿಸಿ ನೀರು ತಿಳಿಯಾಗುವವರೆಗೆ ಜಾಲಿಸಿ. ಕೂದಲನ್ನು ಹಿಡಿಗೆ ಕೂಡಿಸುವ ಲೋಹದ ಪಟ್ಟಿಯೊಳಗೆ ನೀರು ಹೊಕ್ಕರೆ ಅಂಟು ಬಿಟ್ಟು ಕೂದಲು ಉದುರುತ್ತದೆ. ಫೌಂಡೇಶನ್ ಬ್ರಷ್ಷಿಗೆ ಇದು ವಾರಕ್ಕೊಮ್ಮೆ.

ತಲೆಕೆಳಗೆ ನೇತುಹಾಕಿದರೆ ನೀರೆಲ್ಲ ಇಳಿದುಹೋಗುತ್ತದೆ ಎಂಬ ನಂಬಿಕೆಯೊಂದಿದೆ. ಇಳಿಯುವುದಿಲ್ಲ! ಕೊಳವೆ ಸಣ್ಣದಾದಷ್ಟೂ ನೀರು ಎತ್ತರಕ್ಕೇರುತ್ತದೆ ಎಂಬ ನಿಯಮ 1718ರಷ್ಟು ಹಳೆಯದು. ಅದರ ಜೊತೆ ಇಂಗ್ಲೆಂಡಿನ ವೈದ್ಯ ಜೇಮ್ಸ್ ಜೂರಿನ್ ಹೆಸರಿದೆ. 0.1 ಮಿ.ಮೀ. ತ್ರಿಜ್ಯದ ಗಾಜಿನ ಕೊಳವೆಯಲ್ಲಿ ನೀರು ಸುಮಾರು 15 ಸೆಂ.ಮೀ. ಏರಿ ನಿಲ್ಲುತ್ತದೆ. ಬ್ರಷ್ಷಿನ ಕೂದಲುಗಳ ನಡುವಿನ ಸಂದಿ ಅದಕ್ಕಿಂತ ಕಿರಿದು, ಕೂದಲಿನ ಉದ್ದವೋ ಎರಡು ಮೂರು ಸೆಂ.ಮೀ. ದೀಪದ ಬತ್ತಿ ಎಣ್ಣೆಯನ್ನು ಹಿಡಿದಿಟ್ಟುಕೊಂಡಂತೆ ಅದು ನೀರನ್ನು ಹಿಡಿದಿಡುತ್ತದೆ. ಬಿಡಿಸಿಕೊಳ್ಳಬೇಕಾದರೆ ಇನ್ನೂ ಸಣ್ಣ ಸಂದಿಗಳಿರುವ ವಸ್ತು ಬೇಕು, ಅಂದರೆ ಹತ್ತಿಯ ಟವೆಲ್. ಬುಡದಿಂದ ತುದಿಗೆ ಸುತ್ತಿ ಹಿಂಡಿ, ಜಾಗ ಬದಲಿಸಿ ಮತ್ತೆ ಹಿಂಡಿ. ನೇತುಹಾಕುವುದು ಪಟ್ಟಿಯ ರಕ್ಷಣೆಗಷ್ಟೇ.

ಉಳಿದದ್ದು ಆವಿಯಾಗಬೇಕು. ಆದರೆ ಮಳೆಗಾಲದ ಗಾಳಿಯೇ ನೆನೆದ ಬಟ್ಟೆ. ಅಗ್ಗಿಷ್ಟಿಕೆ ಬಳಿ ಇಟ್ಟರೆ ಮಸಿ ಕೂರುತ್ತದೆ, ಅಂಟು ಕರಗುತ್ತದೆ. ಹಳೆಯ 40 ವ್ಯಾಟ್ ಬಲ್ಬ್ ಉರಿಯುವ ಕಪಾಟು ಸಾಕು, ಎಲ್‌ಇಡಿ ಅಷ್ಟು ಬಿಸಿಯಾಗದು. 20 ಡಿಗ್ರಿಯಲ್ಲಿ 95% ಇದ್ದ ಆರ್ದ್ರತೆ, ಅದೇ ಗಾಳಿ 30 ಡಿಗ್ರಿಗೆ ಕಾದರೆ ಸುಮಾರು 52%ಕ್ಕೆ ಇಳಿಯುತ್ತದೆ. ನೀರು ಕಡಿಮೆಯಾಗಿಲ್ಲ, ಗಾಳಿಯ ಹೊಟ್ಟೆ ದೊಡ್ಡದಾಗಿದೆ. ಬ್ರಷ್ ಬಲ್ಬಿನಿಂದ ಒಂದು ಗೇಣು ದೂರವಿರಲಿ, ಆವಿ ಹೊರಹೋಗಲು ಬಾಗಿಲು ಎರಡು ಬೆರಳಷ್ಟು ತೆರೆದಿರಲಿ.

ಹುಳಿ ಹಾಕಿದರೆ ರೋಗಾಣು ಸಾಯುತ್ತದೆ ಎನ್ನುವವರಿಗೆ: ಕಾಚಂಪುಳಿ (ಕೊಡಗಿನ ಕಪ್ಪು ವಿನೆಗರ್) ಹಂದಿಕರಿಗೇ ಇರಲಿ. ರೋಗಾಣು ಕೊಲ್ಲಲು 70% ಐಸೊಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸಿ, ಅದೂ ಕೊಳೆ ಹೋದ ಮೇಲೆ. 99% ಇನ್ನೂ ಒಳ್ಳೆಯದು ಅನ್ನಿಸುತ್ತದೆ, ಆದರೆ ಅಲ್ಲ. ಅದು ಬೇಗ ಹಾರಿಹೋಗುತ್ತದೆ, ಪ್ರೋಟೀನ್ ಕೆಡಿಸಲು ನೀರೂ ಬೇಕು.

ಕಣದಲ್ಲಿ ಹರವಿದ ಕಾಫಿ ಹೊರಗೆ ಒಣಗಿ ಗಲಗಲ ಅಂದರೂ ಬೆಳೆಗಾರ ಬೀಜ ಕಚ್ಚಿ ನೋಡದೆ ಮೂಟೆ ಕಟ್ಟುವುದಿಲ್ಲ; ಒಳಗೆ ಹಸಿಯಿದ್ದರೆ ಬೂಷ್ಟು. ಬ್ರಷ್ಷೂ ತುದಿ ಒಣಗಿ ಬುಡ ಹಸಿಯಿರಬಹುದು. ಕೂದಲು ಬಿಡಿಸಿ ಬುಡವನ್ನು ಮಣಿಕಟ್ಟಿನ ಒಳಭಾಗಕ್ಕೆ ಒತ್ತಿ. ತಣ್ಣಗನ್ನಿಸಿದರೆ ನೀರು ಇನ್ನೂ ಆವಿಯಾಗುತ್ತಿದೆ, ಇನ್ನೊಂದು ರಾತ್ರಿ ಕಪಾಟಿನಲ್ಲೇ ಇರಲಿ.