ಮೆಶ್ ನೋಡ್‌ಗೆ ಕೇಬಲ್ ಎಳೆಯುವುದಾದರೆ ಯಾವ ಪೆಟ್ಟಿಗೆಯಿಂದ?

ಪ್ರಶ್ನೆ: ನಮ್ಮದು ಎರಡು ಅಂತಸ್ತಿನ ಮನೆ. ವೈಫೈಗೆ ಮೆಶ್ ಹಾಕಿಸಿದ್ದೇವೆ, ಅಂದರೆ ಒಂದೇ ನೆಟ್‌ವರ್ಕ್ ಆಗಿ ಕೆಲಸ ಮಾಡುವ ಹಲವು ಪೆಟ್ಟಿಗೆಗಳು (ನೋಡ್). ಫೈಬರ್ ಮೋಡೆಮ್ ಮತ್ತು ಮೆಶ್‌ನ ಮುಖ್ಯ ನೋಡ್ ಕೆಳಗಿನ ಹಾಲ್‌ನಲ್ಲಿವೆ. ಮಹಡಿಯ ನೋಡ್ ಪಕ್ಕದಲ್ಲೇ ಕೂತರೆ ಮೊಬೈಲಿನಲ್ಲಿ ಸಿಗ್ನಲ್ ಕಡ್ಡಿಗಳು ತುಂಬಿರುತ್ತವೆ, ವೇಗ ಮಾತ್ರ ಇಲ್ಲ. ಕೇಬಲ್ ಎಳೆಸಿದರೆ ಸರಿಹೋದೀತೇ? ಮೋಡೆಮ್‌ನಲ್ಲಿ ಪೋರ್ಟ್‌ಗಳು ಖಾಲಿ ಇವೆ.

ಉತ್ತರ: ಸರಿಹೋಗುತ್ತದೆ. ಆದರೆ ಆ ಖಾಲಿ ಪೋರ್ಟ್‌ಗಳ ಆಸೆ ಬಿಡಿ. ಕೇಬಲ್ ಹೊರಡಬೇಕಾದದ್ದು ಮುಖ್ಯ ನೋಡ್‌ನಿಂದ.

ಕಡ್ಡಿಗಳು ಹೇಳುವುದು ಮೊಬೈಲಿಗೂ ಮಹಡಿಯ ನೋಡ್‌ಗೂ ಇರುವ ಸಂಪರ್ಕವನ್ನಷ್ಟೇ. ಆ ನೋಡ್ ಕೆಳಗಿನದರೊಂದಿಗೆ ಎಷ್ಟು ಹೆಣಗುತ್ತಿದೆ ಎಂಬುದು ಅಲ್ಲಿ ಕಾಣುವುದಿಲ್ಲ. ನಡುವೆ ಇರುವುದು ಕಬ್ಬಿಣದ ಸರಳಿನ ಆರ್‌ಸಿಸಿ ಸ್ಲ್ಯಾಬ್. ವೈಫೈನ 5 ಗಿಗಾಹರ್ಟ್ಸ್ ಅಲೆಗಳು ಅದನ್ನು ದಾಟುವಷ್ಟರಲ್ಲಿ ಸೊರಗುತ್ತವೆ. ಮೇಲಾಗಿ, ಡ್ಯುಯಲ್ ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್‌ನ ಎರಡೇ ರೇಡಿಯೋ ಇರುವ) ನೋಡ್ ಸಾಮಾನ್ಯವಾಗಿ ಒಂದೇ ರೇಡಿಯೋದಲ್ಲಿ ಕೆಳಗಿನಿಂದ ಪಡೆದು, ಅದರಲ್ಲೇ ನಿಮಗೂ ಕೊಡುತ್ತದೆ. ಹಾಗಾಗಿ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕೇಬಲ್ ಬಂದರೆ ರೇಡಿಯೋ ಪೂರ್ತಿ ನಿಮ್ಮದು.

ಮೋಡೆಮ್‌ನಿಂದ ಏಕೆ ಬೇಡ? ಮುಖ್ಯ ನೋಡ್ ರೂಟರ್ ಆಗಿ ದುಡಿಯುತ್ತಿದ್ದರೆ ಮನೆಯ ನೆಟ್‌ವರ್ಕ್ ಶುರುವಾಗುವುದೇ ಅದರಿಂದ. ಮೋಡೆಮ್‌ನ ಪೋರ್ಟ್‌ಗಳು ಆ ಬೇಲಿಯ ಹೊರಗಿವೆ. ಮುಖ್ಯ ನೋಡ್‌ನಲ್ಲಿ ಪೋರ್ಟ್ ಸಾಲದಿದ್ದರೆ ಅದರ ನಂತರ ಒಂದು ಸಾದಾ ಗಿಗಾಬಿಟ್ ಸ್ವಿಚ್ (ಒಂದು ಪೋರ್ಟನ್ನು ಹಲವಾಗಿಸುವ ಪೆಟ್ಟಿಗೆ) ಹಾಕಿ, ಅಲ್ಲಿಂದ ಉಳಿದ ನೋಡ್‌ಗಳಿಗೆ ಎಳೆಯಿರಿ. ಮೆಶ್ ಅನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಇಟ್ಟಿದ್ದರೆ, ಅಂದರೆ ರೂಟರ್ ಕೆಲಸವನ್ನು ಮೋಡೆಮ್‌ಗೇ ಬಿಟ್ಟು ಮೆಶ್ ವೈಫೈ ಮಾತ್ರ ಹಂಚುತ್ತಿದ್ದರೆ, ಕಥೆ ಬೇರೆ; ಆಗ ಹೆಚ್ಚಿನ ಬ್ರ್ಯಾಂಡ್‌ಗಳಲ್ಲಿ ಮೋಡೆಮ್‌ನಿಂದಲೂ ನಡೆಯುತ್ತದೆ.

ಎಡವಟ್ಟು ಹೆಚ್ಚಾಗುವುದು ಕೇಬಲ್‌ನಲ್ಲೇ. ಕ್ಯಾಟ್ 5ಇ ದರ್ಜೆಯ ನೆಟ್‌ವರ್ಕ್ ಕೇಬಲ್ ಸಾಕು, 100 ಮೀಟರ್‌ವರೆಗೆ 1 ಗಿಗಾಬಿಟ್ (1000 ಎಂಬಿಪಿಎಸ್) ವೇಗ ಒಯ್ಯುತ್ತದೆ. ಹೊಸದಾಗಿ ಎಳೆಸುವುದಾದರೆ ಕ್ಯಾಟ್ 6 ಇರಲಿ. ಅಗ್ಗಕ್ಕೆ ಸಿಗುವ, ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ ತಂತಿ ಬೇಡವೇ ಬೇಡ. ಕರೆಂಟಿನ ವೈರ್ ಇರುವ ಪೈಪಿನಲ್ಲಿ ತೂರಿಸಬೇಡಿ. ಹಳೆಯ ಟಿವಿ ಕೇಬಲ್‌ನ ಪೈಪ್ ಖಾಲಿ ಇದ್ದರೆ ಅದೇ ರಾಜಮಾರ್ಗ. ಗಿಗಾಬಿಟ್‌ಗೆ ಎಂಟೂ ಎಳೆಗಳು ಬೇಕು. ಕ್ಯಾಮೆರಾ ಜೋಡಿಸಿ ರೂಢಿಯಾದ ಕೈ ನಾಲ್ಕನ್ನಷ್ಟೇ ಕನೆಕ್ಟರ್‌ಗೆ ಒತ್ತಿ ಕೂರಿಸಿಬಿಟ್ಟರೂ ಇಂಟರ್ನೆಟ್ ಬರುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ; ವೇಗ ಮಾತ್ರ 100 ಎಂಬಿಪಿಎಸ್ ದಾಟದು. 300 ಎಂಬಿಪಿಎಸ್ ಪ್ಲ್ಯಾನ್ ಇದ್ದೂ ಸ್ಪೀಡ್ ಟೆಸ್ಟ್ ಪ್ರತಿ ಸಲ 94ರ ಆಸುಪಾಸಿನಲ್ಲೇ ನಿಂತರೆ ಕಂಪನಿಗೆ ಫೋನ್ ಮಾಡುವ ಮೊದಲು ತುದಿಯ ಕನೆಕ್ಟರ್ ನೋಡಿ.

ಇನ್ನು, ನಿಮ್ಮ ನೋಡ್‌ಗೆ ಎತರ್ನೆಟ್ (ಕೇಬಲ್ ಚುಚ್ಚುವ) ಪೋರ್ಟ್ ಇದೆಯೇ ಎಂದು ಮೊದಲೇ ಹಿಂದೆ ತಿರುಗಿಸಿ ನೋಡಿಕೊಳ್ಳಿ. 2019ರ ಗೂಗಲ್ ನೆಸ್ಟ್ ವೈಫೈ ಪಾಯಿಂಟ್‌ನಲ್ಲಿ ಅದು ಇಲ್ಲವೇ ಇಲ್ಲ. ಇದ್ದರೆ, ನೋಡ್ ಅನ್ನು ಮೊದಲು ವೈರ್‌ಲೆಸ್ ಆಗಿಯೇ ಆ್ಯಪ್‌ಗೆ ಸೇರಿಸಿ, ಆಮೇಲೆ ಕೇಬಲ್ ಚುಚ್ಚಿ. ಕೆಲವು ನಿಮಿಷಗಳಲ್ಲಿ ಆ್ಯಪ್‌ನಲ್ಲಿ ಆ ನೋಡ್‌ನ ಸಂಪರ್ಕ ವೈರ್‌ಲೆಸ್ ಹೋಗಿ ಎತರ್ನೆಟ್ ಎಂದು ಬದಲಾಗಬೇಕು.